ಎದ್ದು ನಿಂತವಳ ಪ್ರಶ್ನೆ

ಅನುಮಾನ ಎಂಬುದು ಇಸ್ತ್ರಿಯಮ್ಮನಿಗೆ ಹುಟ್ಟಿನಿಂದ ಬಂದ ಆಸ್ತಿ. ಹಾಲಿನವನು ಹಾಲಿಗೆ ನೀರು ಬೆರೆಸುತ್ತಾನೆಂದು ಎಲ್ಲರೂ ಅನುಮಾನಪಡುತ್ತಾರೆ. ಆ ನೀರು ಯಾವ ನಲ್ಲಿಯದು ಎಂದು ಅನುಮಾನಪಡುವವಳು ಇವಳೊಬ್ಬಳೇ. ಬಾಗಿಲಿಗೆ ಬೀಗ ಹಾಕಿ ಎಳೆದು ನೋಡಿ, ಬೀದಿಯ ತಿರುವಿನ ತನಕ ಹೋಗಿ, ಮತ್ತೆ ಬಂದು ಎಳೆದು ನೋಡುತ್ತಿದ್ದಳು. “ನಾನು ಸತ್ರೂ ನೀನು ಮೂಗಿನ ಹತ್ರ ಕೈ ಹಿಡಿದು ನೋಡ್ದೆ ನಂಬಲ್ಲ ಬಿಡು” ಎಂದು ಗಂಡ ಬದುಕಿದ್ದಾಗ ನಗುತ್ತಿದ್ದ. ಪುಣ್ಯಾತ್ಮ ಹೋದ ದಿನ ಅವಳು ಮಾಡಿದ್ದೂ ಅದನ್ನೇ. ಡಾಕ್ಟರು ತಲೆಯಾಡಿಸಿ ಹೊರಟ ಮೇಲೂ ಬಹಳ ಹೊತ್ತು ಅವನ ಮೂಗಿನ ಬಳಿ ಅಂಗೈ ಹಿಡಿದುಕೊಂಡು ಕೂತಿದ್ದಳು. ಆಗ ಯಾರೂ ನಗಲಿಲ್ಲ.

ಅಂಥವಳಿಗೆ ದೇವರು ಕೊಟ್ಟ ಕೆಲಸವೂ ಅಂಥದ್ದೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಒತ್ತಿದ ಉದ್ದನೆಯ ಮೇಜು, ಅದರ ಮೇಲೆ ಮಡಿಸಿದ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಸುಟ್ಟು ಕಂದಾದ ಹಳೇ ಹಾಸು. ಬೀದಿಯವರು ತಮ್ಮ ತಮ್ಮ ಸುಕ್ಕುಗಳನ್ನು ಗಂಟು ಕಟ್ಟಿ ತಂದು ಇವಳ ಮುಂದೆ ಹಾಕಿ ಹೋಗುತ್ತಿದ್ದರು. ಬಟ್ಟೆಗೆ ನೀರು ಚಿಮುಕಿಸುವ ಮೊದಲು ಅವಳು ಪ್ರತಿಯೊಂದು ಜೇಬಿಗೂ ಕೈ ಹಾಕುತ್ತಿದ್ದಳು. ಪೆನ್ನುಗಿನ್ನು ಉಳಿದು ಬಟ್ಟೆ ಹಾಳಾಗಬಾರದಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದಳು. ಕೈ ಮಾತ್ರ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಒಳಗೇ ಇರುತ್ತಿತ್ತು. ಸಿನಿಮಾ ಟಿಕೆಟಿನ ಚೂರು, ಹಲ್ಲುನೋವಿನ ಮಾತ್ರೆ, ಹೆಂಡತಿಗೆ ಗೊತ್ತಿಲ್ಲದ ಸಿಗರೇಟಿನ ಪುಡಿ, ಎಲ್ಲವೂ ಅವಳಿಗೆ ಗೊತ್ತು. ಗೊತ್ತಾದದ್ದನ್ನು ಬೀದಿಗೆ ಹೇಳುವ ಬುದ್ಧಿ ಅವಳದಲ್ಲ. ಆದರೆ ಯಾರಿಗೂ ಹೇಳದೆ ಇದ್ದರೆ ಹೊಟ್ಟೆ ಉಬ್ಬುತ್ತದಲ್ಲ, ಅದಕ್ಕೆ ಓರಗಿತ್ತಿ ಇದ್ದಳು.

ಓರಗಿತ್ತಿ ಎಂದರೆ ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಮೇಲೆ, ಇಬ್ಬರು ಹೆಂಗಸರು ಒಂದೇ ಒಲೆಯಲ್ಲಿ ಎಷ್ಟು ದಿನ ಬಾಳುತ್ತಾರೆ ನೋಡೋಣ ಎಂದು ಬೀದಿ ಕಾದದ್ದೇ ಬಂತು. ಜುಟ್ಟು ಹಿಡಿದಾಡುವ ದಿನ ಬರಲೇ ಇಲ್ಲ. ಇವಳು ಮಾತಿನ ಮಲ್ಲಿ, ಅವಳು ತುಟಿ ಪಿಟಕ್ಕೆನ್ನದವಳು. ಇವಳು ಇಸ್ತ್ರಿ ತಿಕ್ಕಿದರೆ ಅವಳು ಮಡಿಸುತ್ತಿದ್ದಳು, ಇವಳು ಜೇಬಿನ ಕಥೆ ಹೇಳಿದರೆ ಅವಳು ಮಡಿಕೆಯ ಮೇಲೆ ಕೈಯಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಇಬ್ಬರಿಗೂ ಮಕ್ಕಳಿರಲಿಲ್ಲ. ದೊಡ್ಡವಳಿಗೆ ಒಂದು ಹುಟ್ಟಿ ಹೋಗಿತ್ತು ಎಂದು, ಇವಳು ಸೊಸೆಯಾಗಿ ಬಂದ ಹೊಸದರಲ್ಲಿ, ಅತ್ತೆ ಒಮ್ಮೆ ಪಾತ್ರೆ ಉಜ್ಜುತ್ತಾ ಹೇಳಿದ್ದರು. “ಅದು ಬಂದೇ ಇರ್ಲಿಲ್ಲ ಅಂದ್ಕೊಂಡಿದ್ದೀವಿ. ನೀನೂ ಆ ಮಾತು ಎತ್ಬೇಡ” ಎಂದಿದ್ದರು. ಇಸ್ತ್ರಿಯಮ್ಮ ಜೀವಮಾನದಲ್ಲಿ ಕೆದಕದೆ ಬಿಟ್ಟ ವಿಷಯವೆಂದರೆ ಅದೊಂದೇ. ಬರಬರುತ್ತಾ ಅದು ಮರೆತೂ ಹೋಗಿತ್ತು.

ವಾರಕ್ಕೊಮ್ಮೆ ಇಬ್ಬರೂ ಕೂಟಕ್ಕೆ ಹೋಗುತ್ತಿದ್ದರು. ಕೂಟ ಸೇರುತ್ತಿದ್ದದ್ದು ಟೈರ್ ಅಂಗಡಿಯ ಮಹಡಿಯಲ್ಲಿ. ಕೆಳಗಿನ ರಬ್ಬರಿನ ವಾಸನೆ ಮೇಲಿನ ಪ್ರಾರ್ಥನೆಯ ತನಕ ಏರಿ ಬರುತ್ತಿತ್ತು. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ಚಾಪೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಕೂಟ ನಡೆಸುವ ಮುದುಕರನ್ನು ಎಲ್ಲರೂ ಹಿರಿಯರು ಎಂದೇ ಕರೆಯುತ್ತಿದ್ದರು. ಅವರು ಉಪದೇಶ ಮಾಡಿ, ಕೊನೆಗೆ ಕಣ್ಣು ಮುಚ್ಚಿಕೊಂಡು ಸ್ಮರಣೆ ಹೇಳುತ್ತಿದ್ದರು. ಆ ಮಹಡಿಯಲ್ಲಿ ಹೆಸರಿಡಿಸಿಕೊಂಡು, ಬಾಳಿ, ಸತ್ತವರೆಲ್ಲರ ಹೆಸರೂ ಒಂದೊಂದಾಗಿ ಅವರ ಬಾಯಿಂದ ಬರುತ್ತಿತ್ತು. ಜನ ಅದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಓರಗಿತ್ತಿ ಕೂಟಕ್ಕೆ ಹೋಗುತ್ತಿದ್ದದ್ದು ಭಕ್ತಿಗೆ. ಇಸ್ತ್ರಿಯಮ್ಮ ಹೋಗುತ್ತಿದ್ದದ್ದು ತಪಾಸಣೆಗೆ. ಹಿರಿಯರಿಗೆ ವಯಸ್ಸಾಗುತ್ತಿದೆ, ಎಲ್ಲಿ ತನ್ನ ಗಂಡನ ಹೆಸರನ್ನು ನುಂಗಿಬಿಡುತ್ತಾರೋ ಎಂದು ಕಿವಿ ನಿಮಿರಿಸಿ ಕೂರುತ್ತಿದ್ದಳು. ಹೆಸರು ಬಂದು ಹೋದ ಮೇಲೆ ಅವಳ ಕಣ್ಣು ಅಕ್ಕಪಕ್ಕ ಸುತ್ತುತ್ತಿತ್ತು.

ಹಾಗೆ ಸುತ್ತುವಾಗಲೇ ಒಂದು ಸಂಗತಿ ಕಂಡದ್ದು. ಸ್ಮರಣೆ ಮುಗಿದು ಎಲ್ಲರ ತುಟಿ ನಿಂತ ಮೇಲೂ ಓರಗಿತ್ತಿಯ ತುಟಿ ಒಂದು ಸಲ ಅಲ್ಲಾಡುತ್ತಿತ್ತು. “ಏನಕ್ಕ ಅದು, ಕೊನೇಲಿ ಗೊಣಗೋದು?” ಎಂದು ಒಮ್ಮೆ ಮೆಟ್ಟಿಲಿಳಿಯುತ್ತಾ ಕೇಳಿದಳು.

“ಏನಿಲ್ಲ, ಏಲಕ್ಕಿ ಇತ್ತು ಬಾಯಲ್ಲಿ” ಎಂದಳು ಓರಗಿತ್ತಿ. ಅವಳ ಬಾಯಲ್ಲಿ ಏಲಕ್ಕಿಯ ವಾಸನೆ ಇರಲಿಲ್ಲ. ಇಸ್ತ್ರಿಯಮ್ಮ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಳು.

ಇನ್ನು ಪ್ರಶ್ನೆ ಕೇಳುವ ವಿಷಯ. ನಮ್ಮ ಕೂಟದಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು, ತಡೆಯೇ ಇಲ್ಲ ಎಂದು ಮೇಷ್ಟ್ರು ಹೊಸಬರ ಮುಂದೆ ಎದೆಯುಬ್ಬಿಸುತ್ತಿದ್ದರು. ಈ ಮೇಷ್ಟ್ರು ಶಾಲೆಯಿಂದ ನಿವೃತ್ತರಾಗಿದ್ದರೇ ಹೊರತು ಪಾಠದಿಂದ ಆಗಿರಲಿಲ್ಲ. ತಡೆ ಇರಲಿಲ್ಲ ನಿಜ, ಕ್ರಮ ಇತ್ತು. ಸಂಶಯ ಬಂದವರು ಬಾಯಿ ಬಿಡಬಾರದು, ಸುಮ್ಮನೆ ಎದ್ದು ನಿಲ್ಲಬೇಕು. ನಿಂತದ್ದು ಕಂಡ ತಕ್ಷಣ ಹಿರಿಯರು ಮಾತು ನಿಲ್ಲಿಸುತ್ತಾರೆ. ಅಂದಿನ ಕೂಟ ಅಲ್ಲಿಗೇ ಮುಗಿಯಿತು, ಸ್ಮರಣೆಯೂ ಇಲ್ಲ. ವಾರದೊಳಗೆ ಇಬ್ಬರು ವಿಚಾರಕರು ಸಂಶಯವೇನೆಂದು ತಿಳಿದುಕೊಂಡು ಹಿರಿಯರಿಗೆ ಮುಟ್ಟಿಸುತ್ತಾರೆ. ಮುಂದಿನ ಕೂಟದಲ್ಲಿ ಸಂಶಯದವರು ಮತ್ತೆ ನಿಲ್ಲಬೇಕು, ಹಿರಿಯರು ಪ್ರಶ್ನೆಯನ್ನೂ ತಾವೇ ಹೇಳಿ ಉತ್ತರವನ್ನೂ ತಾವೇ ಕೊಡುತ್ತಾರೆ. ನಿಂತವರು “ತಿಳಿಯಿತು” ಎಂದು ಕೂರಬೇಕು. ಕೂರುವ ತನಕ ಕೂಟ ಮುಂದಕ್ಕೆ ಹೋಗುವಂತಿಲ್ಲ. ವಿಚಾರಕರಿಗೆ ಒಮ್ಮೆ ಹೇಳಿದ ಮೇಲೆ ಪ್ರಶ್ನೆಯನ್ನು ಮಹಡಿಯಿಂದ ಕೆಳಗೆ ಯಾರೂ ಆಡುವಂತೆಯೂ ಇಲ್ಲ, ಆಡಿದರೆ ನೆಗಡಿಯ ಹಾಗೆ ಹಬ್ಬುತ್ತದಂತೆ.

ಇಷ್ಟೆಲ್ಲ ಸ್ವಾತಂತ್ರ್ಯವಿದ್ದೂ ವರ್ಷಗಟ್ಟಲೆಯಿಂದ ಯಾರೂ ಎದ್ದಿರಲಿಲ್ಲ. ಕಡೆಯದಾಗಿ ಎದ್ದವನು ಒಬ್ಬ ಗಡಿಯಾರ ರಿಪೇರಿಯವನು. “ತಿಳಿಯಿತು” ಎಂದು ಕೂತ ಅವನು ಮುಂದಿನ ವಾರ ಬರಲಿಲ್ಲ. ಕೂಟದವರ ಗಡಿಯಾರಗಳೂ ಅವನ ಅಂಗಡಿಗೆ ಹೋಗಲಿಲ್ಲ. ಈಗ ಆ ಅಂಗಡಿಯಲ್ಲಿ ಯಾರೋ ಚಪ್ಪಲಿ ಮಾರುತ್ತಾರೆ.

ಹೀಗಿರುವಾಗ ಒಂದು ವಾರ ಇಸ್ತ್ರಿಯಮ್ಮ ಎದ್ದು ನಿಂತಳು.

ಆದದ್ದಿಷ್ಟೇ. ಶಾಲೆಗಳು ಶುರುವಾಗುವ ಕಾಲ, ಸಮವಸ್ತ್ರಗಳ ರಾಶಿ. ವಾರವೆಲ್ಲ ಮೇಜಿನ ಮುಂದೆ ನಿಂತೇ ಇದ್ದವಳು ಅಂದು ಕಾಲು ಮಡಿಸಿ ಚಾಪೆಯ ಮೇಲೆ ಕೂತಳು. ಹಿರಿಯರು ತಾಳ್ಮೆಯ ಬಗ್ಗೆ ಹೇಳುತ್ತಿದ್ದರು, ಕೇಳುವವರ ತಾಳ್ಮೆಯನ್ನೂ ಜೊತೆಯಲ್ಲೇ ಪರೀಕ್ಷಿಸುತ್ತಿದ್ದರು. ನಿಂತು ನಿಂತು ಅಭ್ಯಾಸವಾದ ಕಾಲಿಗೆ ಕೂರುವುದು ಒಗ್ಗಲಿಲ್ಲ, ಜೋಮು ಹಿಡಿಯಿತು. ಚಿವುಟಿದಳು, ಗುದ್ದಿದಳು. ಬೆರಳಿನಿಂದ ಸೊಂಟದ ತನಕ ಇರುವೆ ಮುತ್ತಿದಂತಾಗಿ, ಇನ್ನು ತಡೆಯಲಾಗದು ಎನ್ನಿಸಿ, ಗೋಡೆ ಹಿಡಿದುಕೊಂಡು ಎದ್ದೇಬಿಟ್ಟಳು.

ಹಿರಿಯರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಆಗ ಅವಳಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು. “ಅಯ್ಯೋ, ಇಲ್ಲ, ನನ್ನ ಕಾಲು...” ಎನ್ನುವಷ್ಟರಲ್ಲಿ ಗಂಡಸರ ಸಾಲಿನಿಂದ, ವಿಚಾರಕರಲ್ಲಿ ಒಬ್ಬರಾದ ಔಷಧಿ ಅಂಗಡಿಯವರು ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಂಪಗೆ ಮಾಡಿದರು. ನಿಂತವರು ಮಾತಾಡಬಾರದಲ್ಲ! ಹಿರಿಯರು ಕನ್ನಡಕ ತೆಗೆದು ಜೇಬಿಗಿಟ್ಟರು. ಜನ ಸದ್ದಿಲ್ಲದೆ ಎದ್ದು ಚಪ್ಪಲಿ ಹುಡುಕತೊಡಗಿದರು. ಮೆಟ್ಟಿಲಿನಲ್ಲಿ ಅವಳಿಗೆ ಎಲ್ಲರೂ ದಾರಿ ಬಿಟ್ಟರು, ಕಾದ ಇಸ್ತ್ರಿ ಪೆಟ್ಟಿಗೆ ಹಿಡಿದು ಬರುವವಳಿಗೆ ಬಿಡುವ ಹಾಗೆ. ಕೋಲು ಊರಿಕೊಂಡು ಬರುವ ಅಜ್ಜಿಯೊಬ್ಬರು ಮಾತ್ರ ತಡೆಯಲಾರದೆ, “ನಮ್ಮನೆಯವರ ಸ್ಮರಣೆ ತಪ್ಪಿಸ್ದೆಯಲ್ಲೇ, ನಿಂಗೇನು ಬಂದಿತ್ತು ದೊಡ್ಡ ರೋಗ?” ಎಂದು ಕೇಳಿಯೇಬಿಟ್ಟರು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಇಸ್ತ್ರಿಯಮ್ಮ ತಲೆ ಚಚ್ಚಿಕೊಂಡಳು. “ಜೋಮು ಕಣಕ್ಕ! ಬರೀ ಜೋಮು!”

ಬೇರೆ ದಿನವಾಗಿದ್ದರೆ ಓರಗಿತ್ತಿ ನಗುತ್ತಿದ್ದಳು. ಅಂದು ಅವಳು ಬಾಗಿಲಿಗೆ ಒರಗಿ ಇವಳನ್ನೇ ನೋಡಿದಳು. “ನಿಜವಾಗ್ಲೂ ಏನೂ ಕೇಳೋಕಿರ್ಲಿಲ್ವಾ ನಿಂಗೆ?”

“ನಂಗೇನಿದೆ ಕೇಳೋಕೆ?”

“ಹಾಗಾದ್ರೆ ನಿಂತಿದ್ದು ವ್ಯರ್ಥ ಆಯ್ತಲ್ಲ” ಎಂದು ಓರಗಿತ್ತಿ ಒಳಗೆ ಹೋದಳು. ಇದೆಂಥ ಮಾತು ಎಂದು ಇಸ್ತ್ರಿಯಮ್ಮನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದೆಲ್ಲ ಅವಳ ಲೆಕ್ಕದಲ್ಲಿ ಅನುಮಾನಕ್ಕೆ ಜಮಾ.

ಆ ವಾರ ಬಟ್ಟೆಯ ಗಂಟುಗಳು ಕಡಿಮೆಯಾದವು. ಕೂಟದ ಹೆಂಗಸರು ಎದುರು ಸಿಕ್ಕರೆ ಆಕಾಶ ನೋಡುತ್ತಾ ಹೋಗತೊಡಗಿದರು. ಅವಳಿಗೆ ಗಡಿಯಾರದವನ ಗತಿ ನೆನಪಾಯಿತು. ವಿಚಾರಕರು ಬರಲಿ, ಜೋಮಿನ ವಿಷಯ ಹೇಳಿ ಕೈ ತೊಳೆದುಕೊಳ್ಳೋಣ ಎಂದು ಕಾದಳು.

ಮಧ್ಯಾಹ್ನವೊಂದರಲ್ಲಿ ಅವರು ಬಂದರು. ಮೇಷ್ಟ್ರು ಮುಂದೆ, ಔಷಧಿ ಅಂಗಡಿಯವರು ಹಿಂದೆ. ಓರಗಿತ್ತಿ ತರಕಾರಿ ತರಲು ಹೋಗಿದ್ದಳು. ಇಸ್ತ್ರಿಯಮ್ಮ ಮೇಜಿನ ಮೇಲೆ ಹರಡಿದ್ದದ್ದು ಔಷಧಿ ಅಂಗಡಿಯವರದೇ ಪ್ಯಾಂಟು. ಅವರು ಅದನ್ನು ನೋಡಿಯೂ ನೋಡದವರಂತೆ ನಿಂತರು.

“ನಿಮ್ಮ ಸಂಶಯ ನಮಗೆ ತಲುಪಿದೆ ತಾಯಿ” ಎಂದರು ಮೇಷ್ಟ್ರು.

“ನಾನು ಯಾರಿಗೂ ಏನೂ ಹೇಳಿಲ್ಲ. ನಂಗೆ ಸಂಶಯಾನೇ ಇಲ್ಲ. ಅವತ್ತು ಕಾಲಿಗೆ...”

“ನೀವು ಹೇಳ್ಬೇಕಾಗಿಲ್ಲ, ಮನೆಯವ್ರೇ ಹೇಳಿದ್ದಾರೆ.”

ಮನೆಯವರು ಎಂದರೆ ಇನ್ನಾರು? ಆ ಮನೆಯಲ್ಲಿ ಇವಳನ್ನು ಬಿಟ್ಟರೆ ಇದ್ದದ್ದು ಇನ್ನೊಂದೇ ಜೀವ. ಇಸ್ತ್ರಿಯಮ್ಮನ ಕೈ ಅಲ್ಲೇ ನಿಂತಿತು. “ಏನಂತ ಹೇಳಿದ್ಲು?”

“ಮಹಡಿಯಿಂದ ಕೆಳಗೆ ಅದನ್ನ ಆಡೋ ಹಾಗಿಲ್ಲ, ಗೊತ್ತಲ್ಲ ನಿಮಗೆ” ಎಂದರು ಔಷಧಿ ಅಂಗಡಿಯವರು. “ಇಂಥ ಪ್ರಶ್ನೆ ಒಳಗೆ ಇಟ್ಕೊಂಡು ಇಷ್ಟು ವರ್ಷ ಹೇಗಮ್ಮ ನಮ್ಮ ಜೊತೆ ಕೂತಿದ್ರಿ?”

“ಹೋಗ್ಲಿ ಬಿಡಿ” ಎಂದು ಮೇಷ್ಟ್ರು ಅವರ ತೋಳು ಹಿಡಿದರು. “ಕೂಟದ ದಿನ ಎದ್ದು ನಿಂತು, ತಿಳಿಯಿತು ಅಂತ ಹೇಳಿ ಕೂತ್ಬಿಡಿ ತಾಯಿ. ಎಲ್ಲ ಮೊದಲಿನ ಹಾಗೇ ಆಗುತ್ತೆ.”

ಅವರು ಹೋದ ಮೇಲೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಇಸ್ತ್ರಿ ಪೆಟ್ಟಿಗೆ ಪ್ಯಾಂಟಿನ ಮೇಲೆಯೇ ಇತ್ತು. ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಬಟ್ಟೆ ಸುಟ್ಟದ್ದು ಅಪರೂಪ. ಅದಕ್ಕೂ ಅವಳು ಓರಗಿತ್ತಿಯನ್ನೇ ಶಪಿಸಿದಳು.

ಅವಳು ಏನು ಹೇಳಿರಬಹುದೆಂದು ಇಸ್ತ್ರಿಯಮ್ಮನಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಬಿಸ್ಕತ್ತು! ಹಿಂದಿನ ವರ್ಷ ಕೂಟದವರೆಲ್ಲ ವಾರ ಪೂರ್ತಿ ಉಪವಾಸವಿದ್ದಾಗ, ಹಿರಿಯರ ಬಿಳಿ ಅಂಗಿಯ ಜೇಬಿನಲ್ಲಿ ಇವಳ ಬೆರಳಿಗೆ ಬಿಸ್ಕತ್ತಿನ ಪುಡಿ ಸಿಕ್ಕಿತ್ತು. ಅಂಗೈ ಮೇಲೆ ಇಟ್ಟುಕೊಂಡು ಓರಗಿತ್ತಿಗೆ ತೋರಿಸಿ, “ಅಕ್ಕಾ, ಉಪವಾಸಕ್ಕೆ ಬಿಸ್ಕತ್ತು ಲೆಕ್ಕಕ್ಕಿಲ್ವೇನೋ, ಎದ್ದು ನಿಂತು ಕೇಳ್ಲಾ?” ಎಂದಿದ್ದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗುವನ್ನೇ ಈಗ ಕೊಂಡೊಯ್ದು ಅವರ ಕೈಗೆ ಕೊಟ್ಟಳಲ್ಲ! ಒಂದು ಎಳೆ ಸಿಕ್ಕಿದ್ದೇ ತಡ, ಮಿಕ್ಕದ್ದೆಲ್ಲ ತಾನಾಗಿ ಹೊಸೆದುಕೊಂಡಿತು. ತರಕಾರಿಗೆಂದು ಹೋದವಳು ಇಷ್ಟು ಹೊತ್ತು ಮಾಡುವುದೇಕೆ? ಹಿರಿಯರ ಅಂಗಿಯನ್ನು ಅಷ್ಟು ನಯವಾಗಿ ಮಡಿಸುವುದೇಕೆ? ಸ್ಮರಣೆಯ ಕೊನೆಯಲ್ಲಿ ತುಟಿ ಅಲ್ಲಾಡಿಸುವುದು, ವಾರವೆಲ್ಲ ತಾನು ಮನೆಯಲ್ಲಿ ಆಡಿದ ಮಾತನ್ನು ದೇವರಿಗೆ ಒಪ್ಪಿಸುವುದಕ್ಕೇ ಇರಬೇಕು. ಮೌನವಾಗಿರುವವರನ್ನು ನಂಬಿದ್ದೇ ತಪ್ಪು, ಅವರ ಹೊಟ್ಟೆಯಲ್ಲಿ ಏನಿದೆಯೆಂದು ಜೇಬಿಗೆ ಕೈ ಹಾಕಿದ ಹಾಗೆ ನೋಡಲಾಗುವುದಿಲ್ಲ.

ಓರಗಿತ್ತಿ ಚೀಲ ಇಳಿಸುವುದನ್ನೂ ಕಾಯದೆ ಕೇಳಿದಳು, “ಏನು ಹೇಳ್ದೆ ಅವರಿಗೆ?”

ಓರಗಿತ್ತಿಯ ಮುಖ ಬಿಳಿಚಿಕೊಂಡಿತು. “ಮೊನ್ನೆ ಟೈರ್ ಅಂಗಡಿ ಮೆಟ್ಟಿಲ ಹತ್ರ ಸಿಕ್ಕಿ ಕೇಳಿದ್ರು, ನಿನ್ನ ಸಂಶಯ ಏನು ಅಂತ. ಹೇಳ್ಬಿಟ್ಟೆ.”

“ಏನಂತ?”

“ಕೂಟದ ದಿನ ಗೊತ್ತಾಗುತ್ತೆ. ಈಗ ನನ್ನ ಬಾಯಿಂದ ಬರಲ್ಲ. ನೀನು ಬೈದ್ರೂ ಸರಿ, ಹೊಡೆದ್ರೂ ಸರಿ. ಆದ್ರೆ ಆ ದಿನ ಮಹಡಿಗೆ ಬರೋದು ತಪ್ಪಿಸ್ಬೇಡ, ಕೈ ಮುಗೀತೀನಿ.” ನಿಜವಾಗಿ ಕೈ ಮುಗಿದಳು, ವಯಸ್ಸಿನಲ್ಲಿ ಹಿರಿಯವಳು, ಕಿರಿಯವಳಿಗೆ. ಕೈ ಮುಗಿಯುವವರನ್ನು ಕಂಡರೆ ಇಸ್ತ್ರಿಯಮ್ಮನ ಅನುಮಾನ ಇಮ್ಮಡಿಯಾಗುತ್ತದೆ. ಬಿಸ್ಕತ್ತಿನ ಮಾತನ್ನು ತಾನಾಗಿ ಎತ್ತಬಾರದು, ಅವಳೇ ಬಾಯಿಬಿಟ್ಟು ಒಪ್ಪಿಕೊಳ್ಳಲಿ ಎಂದು ಹಟ ಹಿಡಿದು ಸುಮ್ಮನಾದಳು.

ಮಾರನೆಯ ದಿನ ಪೇಟೆಗೆ ಹೋಗಿ ಒಂದು ಚಿಕ್ಕ ಒಲೆ ಕೊಂಡು ತಂದು ಮೇಜಿನ ಕೆಳಗೆ, ಗಂಟುಗಳಿರುತ್ತಿದ್ದ ಜಾಗದಲ್ಲಿ ಇಟ್ಟಳು. “ಈ ಕೂಟ ಒಂದು ಮುಗೀಲಿ. ಆಮೇಲೆ ನಿನ್ನ ಒಲೆ ನಿಂಗೆ, ನನ್ನ ಒಲೆ ನಂಗೆ. ಮಧ್ಯೆ ಒಂದು ಪರದೆ ಕಟ್ಕೊಳೋಣ.”

ಓರಗಿತ್ತಿ ಜಗಳಕ್ಕೆ ಬರಬಹುದು, ಅತ್ತು ತಡೆಯಬಹುದು ಎಂದು ಅವಳಿಗೆ ಒಳಗೊಳಗೇ ಆಸೆಯಿತ್ತು. ಓರಗಿತ್ತಿ ಹೊಸ ಒಲೆಯನ್ನು ನೋಡಿ, “ಆಯ್ತು” ಎಂದಳು, ಅಷ್ಟೆ. ಆ ಒಂದು ಮಾತಿಗೆ ಇಸ್ತ್ರಿಯಮ್ಮನಿಗೆ ಆದ ಸಂಕಟ ಅಷ್ಟಿಷ್ಟಲ್ಲ. ಗಂಡ ಹೋದ ಮೇಲೆ ಈ ಮನೆ ಖಾಲಿ ಎಂದು ಅವಳಿಗೆ ಅನ್ನಿಸಿದ್ದು ಅದೇ ಮೊದಲು. ಮಿಕ್ಕ ದಿನಗಳನ್ನು ಇಬ್ಬರೂ ಮುಖ ಊದಿಸಿಕೊಂಡು ಕಳೆದರು. ಒಬ್ಬಳು ತಿಕ್ಕಿದ ಬಟ್ಟೆಯನ್ನು ಇನ್ನೊಬ್ಬಳು ಮಡಿಸುವುದು ಮಾತ್ರ ನಿಲ್ಲಲಿಲ್ಲ, ಅದು ಕೈಗಳ ಪಾಡಿಗೆ ನಡೆಯುತ್ತಿತ್ತು.

ಕೂಟದ ದಿನ ಬಂತು. ಇಸ್ತ್ರಿಯಮ್ಮ ಎಲ್ಲವನ್ನೂ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಮಹಡಿ ಹತ್ತಿದಳು. ಹಿರಿಯರು ಬಿಸ್ಕತ್ತಿನ ವಿಷಯಕ್ಕೆ ಏನಾದರೂ ಹೇಳಿಕೊಳ್ಳಲಿ. ಅವರ ಬಾಯಿ ಮುಚ್ಚುವ ಮೊದಲೇ “ತಿಳಿಯಿತು” ಎನ್ನುವುದು, ಕೂರುವುದು, ಬಂದ ಗಿರಾಕಿಗಳನ್ನು ಉಳಿಸಿಕೊಳ್ಳುವುದು. ಮನೆಗೆ ಹೋದದ್ದೇ ಪರದೆ ಕಟ್ಟುವುದು. ಮಹಡಿ ಕಿಕ್ಕಿರಿದಿತ್ತು. ವರ್ಷಗಳಿಂದ ಬಾರದವರೂ ಬಂದಿದ್ದರು. ಪ್ರಶ್ನೆ ಕೇಳಬಾರದೆನ್ನುವವರಿಗೆ ಬೇರೆಯವರ ಪ್ರಶ್ನೆ ಕೇಳಿಸಿಕೊಳ್ಳುವ ಆಸೆ ಸ್ವಲ್ಪ ಹೆಚ್ಚೇ ಇರುತ್ತದೆ. ಓರಗಿತ್ತಿ ಎಂದಿನಂತೆ ಅವಳ ಪಕ್ಕದಲ್ಲೇ ಕೂತು ಚಾಪೆಯ ಕಡ್ಡಿ ಕೀಳುತ್ತಿದ್ದಳು.

ಇಸ್ತ್ರಿಯಮ್ಮ ಎದ್ದು ನಿಂತಳು. ಹಿರಿಯರು ಗಂಟಲು ಸರಿಮಾಡಿಕೊಂಡರು.

“ಈ ತಾಯಿಗೆ ಬಂದ ಸಂಶಯ ಇದು. ಹೆಸರಿಡುವ ಮೊದಲೇ ತೀರಿಹೋದ ಮಗುವಿಗೆ ನಮ್ಮ ಸ್ಮರಣೆಯಲ್ಲಿ ಜಾಗ ಯಾಕಿಲ್ಲ? ಆ ಮಗುವನ್ನು ದೇವರು ಏನೆಂದು ಕರೆಯುತ್ತಾನೆ?”

“ತಿಳಿ...” ಎಂದು ಅರ್ಧ ತೆರೆದಿದ್ದ ಇಸ್ತ್ರಿಯಮ್ಮನ ಬಾಯಿ ಹಾಗೇ ನಿಂತಿತು. ಪಾತ್ರೆ ಉಜ್ಜುತ್ತಿದ್ದ ಅತ್ತೆಯ ಬೆನ್ನು ಕಣ್ಣಿಗೆ ಕಟ್ಟಿತು. ಆಮೇಲೆ ವಾರ ವಾರವೂ ಕೊನೆಯಲ್ಲಿ ಒಂದು ಸಲ ಅಲ್ಲಾಡುತ್ತಿದ್ದ ಆ ತುಟಿ. ನಿಂತಿದ್ದು ವ್ಯರ್ಥವಾಯಿತಲ್ಲ ಎಂದ ಆ ಮಾತು. ಕೆಳಗೆ ನೋಡಿದಳು. ಓರಗಿತ್ತಿಯ ಬೈತಲೆ ಮಾತ್ರ ಕಾಣುತ್ತಿತ್ತು. ಇಸ್ತ್ರಿಯಮ್ಮನಿಗೆ ನಾಚಿಕೆಯಾಯಿತು. ಊರಿನವರ ಜೇಬನ್ನೆಲ್ಲ ತಡಕಿದವಳಿಗೆ, ಪಕ್ಕದಲ್ಲಿ ಮಲಗುವವಳ ಒಳಗೆ ಇಷ್ಟು ದೊಡ್ಡದೊಂದು ಇದೆಯೆಂದು ತಿಳಿಯಲಿಲ್ಲ. ತಿಳಿದದ್ದು ಬಿಸ್ಕತ್ತಿನ ಪುಡಿ.

ಹಿರಿಯರು ಉತ್ತರ ಶುರು ಮಾಡಿದ್ದರು. “ಹೆಸರು ಎಂಬುದೇ ನಮ್ಮ ಕೂಟದ ಬಾಗಿಲು. ಬಾಗಿಲು ದಾಟದ್ದು ಒಳಗೆ ಬಂದ ಹಾಗಲ್ಲ. ಅದು ಬಂದೇ ಇರಲಿಲ್ಲ ಎಂದು ತಿಳಿದು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ತಿಳಿಯಿತೇ ತಾಯಿ?”

ಎಲ್ಲರೂ ಆ ಒಂದು ಪದಕ್ಕಾಗಿ ಕಾದರು. ಹಿಂದೆ ಕೂತವರು ಆಗಲೇ ಸ್ಮರಣೆಗೆ ಕಣ್ಣು ಮುಚ್ಚತೊಡಗಿದ್ದರು.

“ತಿಳೀಲಿಲ್ಲ” ಎಂದಳು ಇಸ್ತ್ರಿಯಮ್ಮ.

ಇದಕ್ಕೆ ಕೂಟದಲ್ಲಿ ಕ್ರಮ ಇರಲಿಲ್ಲ. ಇಂಥ ಮಾತನ್ನು ಆ ಗೋಡೆಗಳು ಕೇಳಿಯೇ ಇರಲಿಲ್ಲ. ಹಿರಿಯರು ಕಿವಿ ಮಂದವಿದ್ದವರಿಗೆ ಹೇಳುವಂತೆ ಅದೇ ಉತ್ತರವನ್ನು ಇನ್ನೊಮ್ಮೆ, ಬಿಡಿಸಿ ಬಿಡಿಸಿ ಹೇಳಿದರು.

“ತಿಳೀಲಿಲ್ಲ. ಬಂದೇ ಇರ್ಲಿಲ್ಲ ಅಂದ್ರೆ, ಹೋಗಿದ್ದು ಯಾರು?”

ಔಷಧಿ ಅಂಗಡಿಯವರು ತಡೆಯಲಾರದೆ ಎದ್ದರು. ಎದ್ದ ಮೇಲೆ ತಾವೂ ಎದ್ದು ನಿಂತವರಾದೆವಲ್ಲ ಎಂದು ಹೊಳೆದು ಧೊಪ್ಪನೆ ಕೂತು, ಕೂತಲ್ಲಿಂದಲೇ ಕೇಳಿದರು, “ಯಾರ ಮಗು ಅದು? ನಿಮಗೆ ಮಕ್ಕಳೇ ಇರ್ಲಿಲ್ವಲ್ಲ?”

ಇಸ್ತ್ರಿಯಮ್ಮನಿಗೆ ತನ್ನ ಪಾದದ ಪಕ್ಕದಲ್ಲಿ ಉಸಿರು ನಿಂತದ್ದು ಕೇಳಿಸಿತು.

“ನಮ್ಮನೆ ಮಗು” ಎಂದಳು.

“ಅಂದ್ರೆ ಯಾರದು?”

“ನಮ್ಮನೆ ಮಗು ಅಂದ್ರೆ ನಮ್ಮನೆ ಮಗು. ಅದ್ರಲ್ಲಿ ತಿಳೀದೆ ಇರೋದೇನಿದೆ ನಿಮಗೆ?”

“ಸಾಕು ತಾಯಿ, ಕೂತ್ಕೊಳ್ಳಿ” ಎಂದರು ಮೇಷ್ಟ್ರು.

“ತಿಳಿದ್ರೆ ಕೂರ್ತೀನಿ ಮೇಷ್ಟ್ರೆ. ನೀವೇ ಹೇಳ್ತಿದ್ರಲ್ಲ, ನಮ್ಮಲ್ಲಿ ತಡೆ ಇಲ್ಲ ಅಂತ.”

ಹಿರಿಯರು ಅವಳನ್ನು ನೋಡಿದರು, ಅವಳು ಹಿರಿಯರನ್ನು ನೋಡಿದಳು. ಬೇರೆ ಯಾರಾದರೂ ಆಗಿದ್ದರೆ ಅಷ್ಟು ಕಣ್ಣುಗಳ ನಡುವೆ ಕಾಲು ಸೋತು ಕೂತುಬಿಡುತ್ತಿದ್ದರೇನೋ. ಆದರೆ ನಿಲ್ಲುವುದರಲ್ಲಿ ಇಸ್ತ್ರಿಯಮ್ಮನದು ಎತ್ತಿದ ಕೈ. ಮದುವೆಯಾಗಿ ಬಂದಾಗಿನಿಂದ ಬೆಳಗಿನಿಂದ ಸಂಜೆಯ ತನಕ ನಿಂತು ಬಂದವಳು. ಹೊರಗೆ ಬಿಸಿಲು ಇಳಿಯಿತು. ಕೆಳಗೆ ಟೈರ್ ಅಂಗಡಿಯವನು ಅರ್ಧ ಬಾಗಿಲು ಎಳೆದ ಸದ್ದಾಯಿತು. ಗಂಡಸರು ಕೆಮ್ಮಿದರು, ಹೆಂಗಸರು ಮಗ್ಗುಲು ಬದಲಿಸಿದರು. ಎಲ್ಲರಿಗೂ ತಮ್ಮ ತಮ್ಮ ಸತ್ತವರ ಹೆಸರು ಕೇಳಿ ಮನೆಗೆ ಹೋಗಬೇಕಿತ್ತು. ಎಲ್ಲರ ಸತ್ತವರೂ ಈ ಒಬ್ಬಳು ಕೂರುವುದನ್ನು ಕಾಯುತ್ತಿದ್ದರು. ಅಷ್ಟರಲ್ಲಿ ಇಸ್ತ್ರಿಯಮ್ಮನ ಮೀನಖಂಡದ ಮೇಲೆ ಒಂದು ಕೈ ಬಂದು ಕೂತಿತು. ಓರಗಿತ್ತಿ ತಲೆಯೆತ್ತದೆ, ಕಾಲಿಗೆ ಜೋಮು ಹಿಡಿಯದಿರಲೆಂದು, ಮೆಲ್ಲಗೆ ನೀವತೊಡಗಿದ್ದಳು.

ಕಡೆಗೆ ಸಹನೆ ತಪ್ಪಿದ್ದು ಕೋಲಿನ ಅಜ್ಜಿಗೆ. “ಸೇರಿಸ್ಬಿಡಿ ಹಿರಿಯರೇ ಅದನ್ನೂ. ಒಂದು ಹೆಸರು ಹೇಳೋಕೆ ಎಷ್ಟು ಹೊತ್ತು? ನಮ್ಮನೆಯವರು ಹೋದ ವಾರದಿಂದ ಕಾಯ್ತಿದ್ದಾರೆ.”

ಒಬ್ಬರು ಹೌದೆಂದರು, ಇನ್ನೊಬ್ಬರು ಗೊಣಗಿದರು. ಹಿರಿಯರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಈಗ ಅವರ ದನಿಯಲ್ಲಿ ಉಪದೇಶ ಇರಲಿಲ್ಲ. “ಏನಂತ ಸೇರಿಸ್ಲಿ ತಾಯಿ? ಅದಕ್ಕೆ ಹೆಸರೇ ಇಲ್ವಲ್ಲ.”

ಇಸ್ತ್ರಿಯಮ್ಮ ಪಕ್ಕಕ್ಕೆ ಬಗ್ಗಿ ನೋಡಿದಳು.

“ಇದೆ” ಎಂದಳು ಓರಗಿತ್ತಿ. ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ, ಆ ಕಾಲನ್ನು ಹಿಡಿದುಕೊಂಡೇ, ಹೆಸರನ್ನು ಹೇಳಿದಳು. ಒಂದೇ ಸೂರಿನಡಿ ಇಷ್ಟು ಕಾಲ ಬಾಳಿದ ಇಸ್ತ್ರಿಯಮ್ಮನೂ ಅದನ್ನು ಕೇಳಿದ್ದು ಅದೇ ಮೊದಲು.

“ತಿಳಿಯಿತು” ಎಂದು ಇಸ್ತ್ರಿಯಮ್ಮ ಕೂತಳು.

ಹಿರಿಯರು ಕಣ್ಣು ಮುಚ್ಚಿ ಸ್ಮರಣೆ ಶುರು ಮಾಡಿದರು. ಹೆಸರುಗಳು ಒಂದೊಂದಾಗಿ ಬಂದವು. ಅಜ್ಜಿಯ ಮನೆಯವರು ಬಂದರು, ಅಣ್ಣ ಬಂದ, ತಮ್ಮ ಬಂದ. ಎಲ್ಲ ಮುಗಿದ ಮೇಲೆ ಹಿರಿಯರು ಒಂದು ಗಳಿಗೆ ತಡೆದು ಆ ಹೆಸರನ್ನೂ ಹೇಳಿದರು. ಇಸ್ತ್ರಿಯಮ್ಮ ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದಳು. ಓರಗಿತ್ತಿಯ ತುಟಿ ಅಂದು ಅಲ್ಲಾಡಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಸುಮ್ಮನೆ ಕೇಳಿಸಿಕೊಂಡಳು.

ಮನೆಗೆ ನಡೆಯುವಾಗ ಓರಗಿತ್ತಿಯೇ ಮೊದಲು ಮಾತಾಡಿದಳು. “ಎದ್ದು ನಿಲ್ಲೋ ಧೈರ್ಯ ನಂಗೆ ಯಾವತ್ತೂ ಬರ್ಲಿಲ್ಲ. ನೀನು ನಿಂತ್ಬಿಟ್ಟಿದ್ದೆ. ಅವರು ಕೇಳಿದಾಗ ಬಾಯಿಗೆ ಬಂದ್ಬಿಡ್ತು. ನಿನ್ನ ಹೆಗಲ ಮೇಲೆ ಹಾಕ್ದೆ, ತಪ್ಪಾಯ್ತು.”

“ನಾನು ನೀನು ಬಿಸ್ಕತ್ತಿನ ವಿಷ್ಯ ಹೇಳಿದ್ದೀಯ ಅಂದ್ಕೊಂಡಿದ್ದೆ.”

“ಯಾವ ಬಿಸ್ಕತ್ತು?” ಎಂದಳು ಓರಗಿತ್ತಿ. ನೆನಪಾದ ಮೇಲೆ ಬೀದಿಯ ನಡುವೆಯೇ ನಿಂತು ನಕ್ಕಳು; ನಗುತ್ತಾ ನಗುತ್ತಾ ಅಳುವುದಕ್ಕೂ ಶುರು ಮಾಡಿದಳು. ಇಸ್ತ್ರಿಯಮ್ಮ ಅವಳ ತೋಳು ಹಿಡಿದು ನಡೆಸಿಕೊಂಡು ಬಂದಳು.

ಮೇಜಿನ ಕೆಳಗಿನ ಹೊಸ ಒಲೆಯಲ್ಲಿ ಈಗ ಬಟ್ಟೆಗೆ ಹಾಕುವ ಗಂಜಿ ಕಾಯುತ್ತದೆ. ಗಿರಾಕಿಗಳಲ್ಲಿ ಕೆಲವರು ತಿರುಗಿ ಬಂದರು, ಔಷಧಿ ಅಂಗಡಿಯವರು ಬರಲಿಲ್ಲ. ಅವರ ಪ್ಯಾಂಟು ಸುಟ್ಟದ್ದೂ ಅದಕ್ಕೆ ಕಾರಣವಿರಬಹುದು. ಅಂದಿನಿಂದ ಇಸ್ತ್ರಿಯಮ್ಮ ಒಂದು ವಾರವೂ ಕೂಟ ತಪ್ಪಿಸಿಲ್ಲ. ಭಕ್ತಿ ಹೆಚ್ಚಿದೆ ಎಂದು ಮೇಷ್ಟ್ರು ಹೇಳಿಕೊಂಡು ತಿರುಗುತ್ತಾರೆ. ಅವಳಿಗೆ ಹೆಚ್ಚಿರುವುದು ಅನುಮಾನ. ಹಿರಿಯರಿಗೆ ವಯಸ್ಸಾಗಿದೆ, ಕೊನೆಯ ಹೆಸರು, ಹೊಸ ಹೆಸರು, ಎಲ್ಲಿ ಬೇಕೆಂದೇ ಮರೆತುಬಿಡುತ್ತಾರೋ ಯಾರಿಗೆ ಗೊತ್ತು? ಅದಕ್ಕೇ ಅವಳು ಈಗ ಗೋಡೆಯ ಪಕ್ಕವೇ ಕೂರುತ್ತಾಳೆ, ಒಂದು ಕಾಲನ್ನು ಮಡಿಸದೆ, ಎದ್ದು ನಿಲ್ಲಲು ಅನುಕೂಲವಾಗುವ ಹಾಗೆ.